ರಸ್ತೆ ಕೆಳಗಿನ ಪೈಪ್ ಕೈಕೊಟ್ಟಾಗ: ಪೈಪ್ ಬದಲಿಸುವ ಮೊದಲು ಪಕ್ಕದ ಮಣ್ಣು ನೋಡಿ

"ಲಾರಿ ಓಡಾಡಿ ಓಡಾಡಿ ಪೈಪ್ ಒಡೆದುಹೋಯ್ತು." ರಸ್ತೆ ತಗ್ಗಾದ ಕಡೆಯೆಲ್ಲ ಮೊದಲು ಕೇಳಿಬರುವ ಮಾತು ಇದು. ಕೂಡಲೇ ಅಗೆಯುತ್ತಾರೆ. ಇನ್ನೂ ದಪ್ಪದ ಪೈಪ್ ತಂದು ಹಾಕುತ್ತಾರೆ. ತೆಗೆದ ಮಣ್ಣನ್ನೇ ಒಳಗೆ ನೂಕಿ ಮುಚ್ಚುತ್ತಾರೆ. ಕೆಲವೇ ತಿಂಗಳಲ್ಲಿ ಅದೇ ಜಾಗ ಮತ್ತೆ ತಗ್ಗು.

ನಾನೂ ಒಮ್ಮೆ ಹೀಗೇ ಮಾಡಿದ್ದೆ. ಒಂದು ಗೇಟಿನ ಮುಂದಿನ ದಾರಿಯಲ್ಲಿ 300 ಮಿ.ಮೀ. ಪಿವಿಸಿ ಚರಂಡಿ ಪೈಪ್ ಇತ್ತು. ಎರಡನೇ ಸಲ ಅಗೆಯುವಾಗ ಯಂತ್ರ ಬೇಡ ಅಂತ ಕೈಯಲ್ಲೇ ಮಣ್ಣು ಬಿಡಿಸಿದೆವು. ಪೈಪಿನ ತಳ ಬಾಗಿ ಮೇಲೇಳುವ ಸಂದಿಗೆ ಕೈ ಹಾಕಿದೆ. ಮಣಿಕಟ್ಟಿನವರೆಗೂ ಒಳಗೆ ಹೋಯಿತು. ಅಲ್ಲಿ ಮಣ್ಣೇ ಇರಲಿಲ್ಲ. ಪೈಪ್ ಹೊಚ್ಚ ಹೊಸದು, ಒಂದು ಬಿರುಕೂ ಇಲ್ಲ. ಆದರೆ ಆತುಕೊಳ್ಳಲು ಪಕ್ಕದಲ್ಲಿ ಏನೂ ಇಲ್ಲದೆ ಚಪ್ಪಟೆಯಾಗಿತ್ತು. ಅಂದಿನಿಂದ ನಾನು ಮೊದಲು ಮಣ್ಣು ನೋಡುತ್ತೇನೆ, ಆಮೇಲೆ ಪೈಪ್.

ಪಿವಿಸಿ, ಎಚ್‌ಡಿಪಿಇ, ಫೈಬರ್‌ಗ್ಲಾಸ್, ಸುಕ್ಕುಗಟ್ಟಿದ ಉಕ್ಕಿನ ಪೈಪುಗಳಿಗೆ, ಅಂದರೆ ಭಾರ ಬಿದ್ದಾಗ ಬಾಗುವ ಪೈಪುಗಳಿಗೆ ಈ ಬರಹ. ಕಾಂಕ್ರೀಟ್ ಮತ್ತು ಸುಟ್ಟ ಮಣ್ಣಿನ ಪೈಪುಗಳ ಕಥೆ ಬೇರೆ. ಅವು ಬಾಗುವುದಿಲ್ಲ, ಬಿರಿಯುತ್ತವೆ.

## ಬಾಗುವ ಪೈಪ್ ಭಾರ ಹೊರುವುದು ಹೇಗೆ?

ಲಕ್ಷಣಗಳಿಗೆ ಹೋಗುವ ಮೊದಲು ಇಷ್ಟು ಗೊತ್ತಿರಬೇಕು. ಇಲ್ಲದಿದ್ದರೆ ಮುಂದಿನ ಪರೀಕ್ಷೆಗಳು ಏನು ಹೇಳುತ್ತಿವೆ ಅಂತ ತಿಳಿಯುವುದಿಲ್ಲ.

ಮೇಲಿನಿಂದ ಭಾರ ಬಿದ್ದಾಗ ಪೈಪಿನ ನೆತ್ತಿ ತುಸು ಕೆಳಗಿಳಿಯುತ್ತದೆ. ಎರಡೂ ಪಕ್ಕೆಗಳು ಹೊರಗೆ ಉಬ್ಬುತ್ತವೆ. ಉಬ್ಬಿದ ಪಕ್ಕೆಯನ್ನು ಪಕ್ಕದ ಮಣ್ಣು ತಡೆದು ಹಿಂದಕ್ಕೆ ಒತ್ತುತ್ತದೆ. ಆ ಒತ್ತೇ ಪೈಪನ್ನು ನಿಲ್ಲಿಸುವುದು. ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಮರ್ಲಿನ್ ಸ್ಪ್ಯಾಂಗ್ಲರ್ 1941ರಲ್ಲಿ ಇದನ್ನು ಸೂತ್ರಕ್ಕೆ ಇಳಿಸಿದರು. 1958ರಲ್ಲಿ ರೆನಾಲ್ಡ್ ವಾಟ್ಕಿನ್ಸ್ ಜೊತೆ ಸೇರಿ ಅದನ್ನು ತಿದ್ದಿದರು. ಆ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ಸಾಮಾನ್ಯ ಪಿವಿಸಿ ಚರಂಡಿ ಪೈಪಿಗೆ ಅದರಲ್ಲಿ ಲೆಕ್ಕ ಹಾಕಿ ನೋಡಿ. ಪಕ್ಕದಲ್ಲಿ ಚೆನ್ನಾಗಿ ದಿಮ್ಮಸು ಹೊಡೆದ ಮರಳು ಇದ್ದರೆ ಭಾರ ತಡೆಯುವುದರಲ್ಲಿ ಪೈಪಿನ ಪಾಲು ಸುಮಾರು ಹತ್ತರಲ್ಲಿ ಒಂದು. ಉಳಿದ ಒಂಬತ್ತು ಪಾಲು ಮಣ್ಣಿನದು. ಅದೇ ಪೈಪಿನ ಪಕ್ಕ ಜೇಡಿಮಣ್ಣನ್ನು ಸುಮ್ನೆ ಸುರಿದಿದ್ದರೆ ಅದೇ ಭಾರಕ್ಕೆ ಸುಮಾರು 7 ಪಟ್ಟು ಜಾಸ್ತಿ ಬಾಗುತ್ತದೆ. ಇನ್ನು ಒಳ್ಳೆಯ ಮಣ್ಣಿನಲ್ಲಿ ಪೈಪಿನ ಬಿಗಿತವನ್ನೇ ಎರಡು ಪಟ್ಟು ಮಾಡಿದಿರಿ ಅನ್ನಿ. ಬಾಗುವುದು ಶೇ. 10ರಷ್ಟು ಮಾತ್ರ ಕಡಿಮೆಯಾಗುತ್ತದೆ. ದಪ್ಪ ಪೈಪ್ ಹಾಕಿಯೂ ರಸ್ತೆ ಮತ್ತೆ ಕುಸಿಯುವುದು ಇದಕ್ಕೇ.

ಇನ್ನೊಂದು, ಆಳದ ಲೆಕ್ಕ. ಲಾರಿಯ ಹಿಂಬದಿಯ ಒಂದು ಜೋಡಿ ಚಕ್ರ 5 ಟನ್ ಹೊತ್ತಿದೆ, ನೆಲಕ್ಕೆ 25 ಸೆಂ.ಮೀ. × 50 ಸೆಂ.ಮೀ. ಜಾಗದಲ್ಲಿ ತಾಗಿದೆ ಅಂತಿಟ್ಟುಕೊಳ್ಳಿ. ರಸ್ತೆ ಮೇಲೆ ಅದು ಚದರ ಮೀಟರಿಗೆ 40 ಟನ್. ಆಳಕ್ಕೆ ಇಳಿದಷ್ಟೂ ಭಾರ ಅಗಲವಾಗಿ ಹರಡುತ್ತದೆ. ಪ್ರತಿ 2 ಅಳತೆ ಆಳಕ್ಕೆ ಪಕ್ಕಕ್ಕೆ 1 ಅಳತೆ ಹರಡುತ್ತದೆ ಎಂಬ ರೂಢಿಯ ಲೆಕ್ಕ ಹಿಡಿದರೆ 30 ಸೆಂ.ಮೀ. ಆಳದಲ್ಲಿ ಚದರ ಮೀಟರಿಗೆ ಸುಮಾರು 11 ಟನ್, 60 ಸೆಂ.ಮೀ.ಗೆ 5 ಟನ್, 1.2 ಮೀಟರಿಗೆ 2 ಟನ್. 2.4 ಮೀಟರ್ ಆಳದಲ್ಲಿ ಮುಕ್ಕಾಲು ಟನ್ನೂ ಇಲ್ಲ. ಆದರೆ ಮಣ್ಣಿನ ಸ್ವಂತ ತೂಕ ಆಳಕ್ಕೆ ಹೋದಷ್ಟೂ ಏರುತ್ತದೆ, ಮೀಟರಿಗೆ ಸುಮಾರು 1.8 ಟನ್. 1.2 ಮೀಟರ್ ಹತ್ತಿರ ಎರಡೂ ಸಮವಾಗುತ್ತವೆ. ಅದಕ್ಕಿಂತ ಮೇಲಿರುವ ಪೈಪಿಗೆ ಚಕ್ರದ್ದೇ ಚಿಂತೆ. ಅದಕ್ಕಿಂತ ಸಾಕಷ್ಟು ಕೆಳಗಿರುವ ಪೈಪ್ ಚಪ್ಪಟೆಯಾಗಿದ್ದರೆ ಲಾರಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಚಕ್ರದ ಭಾರಕ್ಕೂ ಮಣ್ಣಿನ ಭಾರಕ್ಕೂ ನಡತೆಯಲ್ಲೂ ವ್ಯತ್ಯಾಸ ಇದೆ. ಲಾರಿ ದಾಟಿದ ಕೂಡಲೇ ಪೈಪ್ ಬಹುಪಾಲು ಹಿಂದಿನ ಆಕಾರಕ್ಕೆ ಬರುತ್ತದೆ. ಮಣ್ಣಿನ ಭಾರ ಹಗಲೂ ರಾತ್ರಿ ಕೂತಿರುತ್ತದೆ. ಪಕ್ಕದ ಮಣ್ಣು ನಿಧಾನಕ್ಕೆ ಸರಿದಂತೆ ಪೈಪ್ ವಾರಗಟ್ಟಲೆ, ತಿಂಗಳುಗಟ್ಟಲೆ ಬಾಗುತ್ತಾ ಹೋಗಿ ಆಮೇಲೆ ನಿಲ್ಲುತ್ತದೆ.

## ಕೈ ಹಾಕುವ ಮೊದಲು

ಮ್ಯಾನ್‌ಹೋಲ್ ಒಳಗೆ ಇಳಿಯಬೇಡಿ. ಒಂದು ನಿಮಿಷಕ್ಕೂ ಬೇಡ, ಬಗ್ಗಿ ತಲೆ ಹಾಕುವುದೂ ಬೇಡ. ಒಳಗೆ ಆಮ್ಲಜನಕ ಕಡಿಮೆ ಇರಬಹುದು. ಹೈಡ್ರೋಜನ್ ಸಲ್ಫೈಡ್ ಅನಿಲ ಇರಬಹುದು. ಅದು ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. "ವಾಸನೆ ಹೋಯಿತು, ಈಗ ಇಳಿಯಬಹುದು" ಅಂದುಕೊಂಡವರು, ಅವರನ್ನು ಎತ್ತಲು ಇಳಿದವರು, ಇಬ್ಬರೂ ಜೀವ ಕಳೆದುಕೊಂಡಿದ್ದಾರೆ. ಈ ಬರಹದಲ್ಲಿ ಅಗೆಯುವ ಮೊದಲು ಮಾಡಲು ಹೇಳಿದ ಎಲ್ಲ ತಪಾಸಣೆಗಳನ್ನೂ ನೆಲದ ಮೇಲೆ ನಿಂತೇ ಮಾಡಬಹುದು.

ನೆಲದೊಳಗೆ ಸಲಾಕೆ ಚುಚ್ಚುವ ಮೊದಲು ಅಲ್ಲಿ ವಿದ್ಯುತ್ ಕೇಬಲ್, ಗ್ಯಾಸ್ ಪೈಪ್ ಇದೆಯೇ ಅಂತ ಸಂಬಂಧಪಟ್ಟವರನ್ನು ಕೇಳಿ ಗುರುತು ಹಾಕಿಸಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ದೂರ ಕಳಿಸಿ, ತುರ್ತು ಸೇವೆಗೆ ಫೋನ್ ಮಾಡಿ. ರಸ್ತೆ ಮೇಲೆ ನಿಂತು ಅಳೆಯುವಾಗ ಬರುವ ವಾಹನಗಳನ್ನು ನೋಡಲು ಒಬ್ಬರನ್ನು ನಿಲ್ಲಿಸಿ.

## ಲಕ್ಷಣ: ಪೈಪಿನ ಮೇಲೆ ರಸ್ತೆ ತಗ್ಗಾಗಿದೆ

ಮೊದಲು ತಗ್ಗಿನ ಆಕಾರ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ತಗ್ಗು ಉದ್ದಕ್ಕೆ, ಟ್ರೆಂಚ್ ತೋಡಿದ ಅಗಲಕ್ಕೆ ಸರಿಯಾಗಿ, ಪಟ್ಟಿಯ ಹಾಗೆ ಇದೆಯೇ? ಹಾಗಿದ್ದರೆ ಮುಚ್ಚಿದ ಮಣ್ಣು ಕೂರುತ್ತಿದೆ. ದಿಮ್ಮಸು ಸರಿಯಾಗಿ ಹೊಡೆದಿಲ್ಲ. ಪೈಪ್ ಚೆನ್ನಾಗಿಯೇ ಇರಬಹುದು. ಹಾಗಂತ ಸುಮ್ಮನೆ ಬಿಡುವ ಹಾಗೂ ಇಲ್ಲ. ಮೇಲಿನ ಮಣ್ಣಿಗೆ ದಿಮ್ಮಸು ಹೊಡೆಯದವರು ಪೈಪಿನ ಪಕ್ಕಕ್ಕೆ ಹೊಡೆದಿರುವ ಸಾಧ್ಯತೆ ಕಡಿಮೆ, ಅಲ್ವಾ?

ತಗ್ಗು ಒಂದೇ ಕಡೆ, ದುಂಡಗೆ, ಬಟ್ಟಲಿನ ಹಾಗೆ ಇದೆಯೇ? ಇದಕ್ಕೆ ಹೆದರಬೇಕು. ಕೆಳಗಿಂದ ಮಣ್ಣು ಎಲ್ಲಿಗೋ ಹೋಗುತ್ತಿದೆ. ಬಹುಮಟ್ಟಿಗೆ ಜಾಯಿಂಟ್ ಬಾಯಿ ಬಿಟ್ಟಿದೆ, ಮಣ್ಣು ನೀರಿನ ಜೊತೆ ಪೈಪಿನೊಳಗೆ ಇಳಿಯುತ್ತಿದೆ. ಡಾಂಬರು ಗಟ್ಟಿಯಾಗಿರುವುದರಿಂದ ಕೆಳಗೆ ಪೊಳ್ಳು ದೊಡ್ಡದಾಗುವವರೆಗೂ ಮೇಲೆ ಚಿಕ್ಕ ತಗ್ಗಷ್ಟೇ ಕಾಣುತ್ತದೆ.

ಖರ್ಚಿಲ್ಲದ ಮೊದಲ ತಪಾಸಣೆ ಇದು. ತಗ್ಗಿನ ಆಚೀಚೆ ಗಟ್ಟಿ ನೆಲದಲ್ಲಿ ಎರಡು ಗುರುತು ಹಾಕಿ. ನಡುವೆ ದಾರ ಬಿಗಿದು, ದಾರದಿಂದ ತಗ್ಗಿನ ತಳಕ್ಕೆ ಟೇಪಿನಲ್ಲಿ ಅಳೆಯಿರಿ. ದಿನಾಂಕ ಹಾಕಿ ಬರೆದಿಡಿ. ವಾರಕ್ಕೊಮ್ಮೆ, ಜೋರು ಮಳೆ ಬಂದ ಮರುದಿನ ತಪ್ಪದೆ ಒಮ್ಮೆ ಅಳೆಯಿರಿ. ವಾರದಿಂದ ವಾರಕ್ಕೆ ಇಳಿಯುವುದು ಕಡಿಮೆಯಾಗುತ್ತಾ ಬಂದರೆ ಅದು ಮಣ್ಣು ಕೂರುವುದು. ಒಂದೇ ಸಮನೆ ಇಳಿಯುತ್ತಿದ್ದರೆ, ಅದರಲ್ಲೂ ಮಳೆ ಬಂದಾಗಲೆಲ್ಲ ಜಿಗಿದು ಇಳಿದರೆ, ಮಣ್ಣು ಕೊಚ್ಚಿಹೋಗುತ್ತಿದೆ.

ಎರಡನೆಯದು ಸದ್ದು. ತಗ್ಗಿನ ಹೊರಗೆ, ಗಟ್ಟಿ ನೆಲದಲ್ಲಿ ನಿಂತು ಉದ್ದನೆಯ ಕಬ್ಬಿಣದ ಸರಳಿನಿಂದ ರಸ್ತೆಯನ್ನು ತಟ್ಟುತ್ತಾ ಹೋಗಿ. ಗಟ್ಟಿ ನೆಲ ಟಣ್ ಅನ್ನುತ್ತದೆ. ಪೊಳ್ಳಿದ್ದರೆ ಡೊಬ್ ಅಂತ ಡೋಲಿನ ಹಾಗೆ ಕೇಳುತ್ತದೆ. ಒಮ್ಮೆ ಕೇಳಿದವರು ಮತ್ತೆ ಮರೆಯುವುದಿಲ್ಲ.

ಇಲ್ಲಿ ನಿಲ್ಲಿಸಿ: ಪೊಳ್ಳು ಸದ್ದು ಬಂದರೆ, ತಗ್ಗು ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ, ಅಥವಾ ಡಾಂಬರಿನಲ್ಲಿ ದುಂಡಗೆ ಬಿರುಕು ಮೂಡಿದ್ದರೆ ಆ ಜಾಗಕ್ಕೆ ಅಡ್ಡ ಕಟ್ಟಿ ವಾಹನ ನಿಲ್ಲಿಸಿ. ರಸ್ತೆಯ ಹೊಣೆ ಹೊತ್ತವರಿಗೆ ಅವತ್ತೇ ತಿಳಿಸಿ. ತಗ್ಗಿಗೆ ಜಲ್ಲಿ, ಡಾಂಬರು ತುಂಬಿ ಸಮ ಮಾಡುವುದು ಅಪಾಯ. ಪೊಳ್ಳಿನ ಮೇಲೆ ಇನ್ನಷ್ಟು ಭಾರ ಹೇರಿದ ಹಾಗಾಗುತ್ತದೆ, ಎಚ್ಚರಿಕೆ ಕೊಡುತ್ತಿದ್ದ ಗುರುತೂ ಅಳಿಸಿಹೋಗುತ್ತದೆ.

## ಲಕ್ಷಣ: ನೀರು ನಿಧಾನ, ಒಂದೇ ಕಡೆ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ

"ಪೈಪ್ ಚಪ್ಪಟೆಯಾಗಿದೆ, ಅದಕ್ಕೇ ನೀರು ಹೋಗ್ತಿಲ್ಲ" ಅನ್ನುವುದು ಎಲ್ಲರೂ ಹೇಳುವ ಕಾರಣ. ಇದು ಬಹಳ ಸಲ ತಪ್ಪು. ದುಂಡಗಿನ ಪೈಪ್ ಶೇ. 10ರಷ್ಟು ಚಪ್ಪಟೆಯಾದರೂ ಒಳಗಿನ ಜಾಗ ಶೇ. 99 ಉಳಿದಿರುತ್ತದೆ. ಎತ್ತರದಲ್ಲಿ ಕಳೆದದ್ದನ್ನು ಅಗಲದಲ್ಲಿ ಗಳಿಸಿರುತ್ತದೆ. ಶೇ. 20 ಚಪ್ಪಟೆಯಾದರೂ ಜಾಗ ಶೇ. 96 ಇರುತ್ತದೆ. ಹಾಗಾಗಿ ನೀರು ನಿಂತಿದ್ದರೆ ಬೇರೆ ಮೂರು ಕಾರಣ ಹುಡುಕಿ: ಪೈಪ್ ನಡುವೆ ಜೋತು ಬಿದ್ದಿದೆ, ಜಾಯಿಂಟ್ ಮೆಟ್ಟಿಲಿನ ಹಾಗೆ ಸರಿದು ಕಸ ಸಿಕ್ಕಿಕೊಳ್ಳುತ್ತಿದೆ, ಇಲ್ಲವೇ ಕಸವೋ ಬೇರೋ ಕಟ್ಟಿದೆ.

ಮೊದಲು ಪೈಪನ್ನು ತೊಳೆಸಿ. ಕಸ ಹೋದ ಮೇಲೆ ಮೇಲಿನ ಚೇಂಬರಿಗೆ ಬಕೆಟ್ಟುಗಟ್ಟಲೆ ನೀರು ಒಂದೇ ಸಲ ಸುರಿದು, ಕೆಳಗಿನ ಚೇಂಬರಿನಲ್ಲಿ ನೋಡಿ. ಜೋರಾಗಿ ಬಂದು ಬೇಗ ನಿಂತರೆ ದಾರಿ ಸರಿಯಿದೆ. ತಡವಾಗಿ ಬಂದು, ಸಣ್ಣಗೆ ಬಹಳ ಹೊತ್ತು ಹರಿದರೆ ನಡುವೆ ಎಲ್ಲೋ ಹೊಂಡ ತುಂಬಿ ಹರಿಯುತ್ತಿದೆ.

ಆಮೇಲೆ ಕನ್ನಡಿ. ಎರಡು ಚೇಂಬರ್ ನಡುವಿನ ಪೈಪ್ ನೇರವಾಗಿದ್ದರೆ ಈ ಹಳೆಯ ಪರೀಕ್ಷೆಯಷ್ಟು ಅಗ್ಗದ್ದು ಬೇರೆ ಇಲ್ಲ. ಒಂದು ಕಡೆ ಉದ್ದ ಕೋಲಿಗೆ ಟಾರ್ಚ್ ಕಟ್ಟಿ ಪೈಪಿನ ಬಾಯಿಗೆ ಹಿಡಿಯಿರಿ. ಇನ್ನೊಂದು ಕಡೆ ಕೋಲಿನ ತುದಿಯಲ್ಲಿ ಓರೆಯಾಗಿ ಕಟ್ಟಿದ ಕನ್ನಡಿ ಇಳಿಸಿ, ಮೇಲೆ ನಿಂತು ನೋಡಿ. ಕನ್ನಡಿಯಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಪೂರ್ತಿ ದುಂಡು ಬೆಳಕು ಕಂಡರೆ ಪೈಪ್ ನೆಟ್ಟಗಿದೆ. ಚಂದ್ರನ ಮೇಲ್ಭಾಗ ಕತ್ತರಿಸಿ, ಕೆಳಗೆ ಬೆಳಕು ನೀರಿನಲ್ಲಿ ಮಿನುಗಿದರೆ ಪೈಪ್ ನಡುವೆ ಕೆಳಗಿಳಿದಿದೆ. ಕೆಳಭಾಗ ಕತ್ತರಿಸಿದ್ದರೆ ನಡುವೆ ಉಬ್ಬಿದೆ, ಇಲ್ಲವೇ ಹೂಳು ಕೂತಿದೆ. ಪಕ್ಕ ಕತ್ತರಿಸಿದ್ದರೆ ಅಡ್ಡಕ್ಕೆ ಸೊಟ್ಟಗಾಗಿದೆ. ಬೆಳಕು ಅಗಲವಾಗಿ, ಒತ್ತಿದ ಹಾಗೆ ಕಂಡರೆ ಆಗ ಚಪ್ಪಟೆಯಾಗಿದೆ ಅಂತ ಅನುಮಾನಿಸಿ.

ಎಷ್ಟು ಚಪ್ಪಟೆಯಾಗಿದೆ ಅಂತ ತಿಳಿಯಲು ಗುಂಡು ಎಳೆಯುವ ಪರೀಕ್ಷೆ ಇದೆ. ಪೈಪಿನ ಒಳವ್ಯಾಸದ ಶೇ. 95 ಅಳತೆಯ ಗಟ್ಟಿ ಗುಂಡು ಅಥವಾ ರೆಕ್ಕೆಗಳಿರುವ ಅಚ್ಚನ್ನು ಹಗ್ಗ ಕಟ್ಟಿ ಕೈಯಲ್ಲೇ ಎಳೆಯುವುದು. ಯಂತ್ರದಿಂದ ಎಳೆದರೆ ಸಿಕ್ಕಿಕೊಂಡದ್ದೇ ತಿಳಿಯುವುದಿಲ್ಲ, ಪೈಪೂ ಹಾಳಾಗುತ್ತದೆ. ಗುಂಡು ಸಲೀಸಾಗಿ ದಾಟಿದರೆ ಚಪ್ಪಟೆ ಶೇ. 5ರ ಒಳಗೇ ಇದೆ. ಸಿಕ್ಕಿಕೊಂಡರೆ ಹಗ್ಗದ ಉದ್ದ ಅಳೆಯಿರಿ, ಜಾಗ ಗೊತ್ತಾಯಿತು. ಹೊಸ ಪೈಪಿಗೆ ಈ ಪರೀಕ್ಷೆಯನ್ನು ಮಣ್ಣು ಮುಚ್ಚಿ ಕನಿಷ್ಠ 30 ದಿನ ಆದ ಮೇಲೆ ಮಾಡಿ. ಮುಚ್ಚಿದ ಮರುದಿನ ಪಾಸಾದ ಪೈಪ್ ತಿಂಗಳು ಕಳೆದ ಮೇಲೆ ಫೇಲಾಗಬಹುದು.

## ಲಕ್ಷಣ: ಕ್ಯಾಮೆರಾ ಇಳಿಸಿದಾಗ ಒಳಗಿನ ಆಕಾರ ಕೆಟ್ಟಿದೆ

ಮೇಲಿನ ಪರೀಕ್ಷೆಗಳು ಒಂದು ಜಾಗವನ್ನು ತೋರಿಸಿದ ಮೇಲೆ ಕ್ಯಾಮೆರಾಗೆ ಖರ್ಚು ಮಾಡಿ. ಪೈಪ್ ತೊಳೆಸಿದ ಮೇಲೇ ಇಳಿಸಬೇಕು. "ಪೈಪ್ ಡ್ಯಾಮೇಜ್ ಆಗಿದೆ" ಎಂಬ ಒಂದು ಸಾಲಿನ ವರದಿ ಸಾಕಾಗುವುದಿಲ್ಲ. ಆಕಾರ ಯಾವುದು, ಎಷ್ಟು, ಚೇಂಬರಿನಿಂದ ಎಷ್ಟು ದೂರ ಅಂತ ಕೇಳಿ. ವಿಡಿಯೊವನ್ನು ನೀವೇ ಕೂತು ನೋಡಿ.

ಅಡ್ಡ ಮಲಗಿದ ಮೊಟ್ಟೆಯ ಆಕಾರ ಎಲ್ಲಕ್ಕಿಂತ ಸಾಮಾನ್ಯ. ನೆತ್ತಿ ಇಳಿದು ಪಕ್ಕೆ ಹೊರಗೆ ಹೋಗಿದೆ. ಪಕ್ಕದ ಮಣ್ಣು ಸಡಿಲ.

ನಿಂತ ಮೊಟ್ಟೆಯ ಆಕಾರ ಕಂಡರೆ ಗಾಬರಿ ಬೇಡ. ಪಕ್ಕದಲ್ಲಿ ದಿಮ್ಮಸು ಹೊಡೆಯುವಾಗ ಪೈಪ್ ಒತ್ತಿ ಎತ್ತರವಾಗಿದೆ. ತುಸು ಇದ್ದರೆ ಒಳ್ಳೆಯದೇ. ಮೇಲಿನ ಭಾರ ಬಿದ್ದಾಗ ದುಂಡಗಾಗುತ್ತದೆ.

ನೆತ್ತಿ ಮಾತ್ರ ಚಪ್ಪಟೆ, ಉಳಿದದ್ದು ದುಂಡು? ಇದು ಮೇಲ್ಮಟ್ಟದಲ್ಲಿರುವ ಪೈಪಿನ ಗುರುತು. ಚಕ್ರದ ಭಾರ ಹರಡುವ ಮೊದಲೇ ನೆತ್ತಿಯನ್ನು ಮುಟ್ಟುತ್ತಿದೆ. ಪೈಪ್ ಹಾಕುವಾಗ ಸಾಕಷ್ಟು ಮಣ್ಣು ಹಾಕದೆ ಮೇಲೆ ಯಂತ್ರ ಓಡಿಸಿದ್ದರೂ ಹೀಗಾಗುತ್ತದೆ.

ನೆತ್ತಿ ಒಳಗೆ ಬಾಗಿ ಹೃದಯದ ಆಕಾರ ಬಂದಿದ್ದರೆ ಪೈಪ್ ಸೋತಿದೆ. ಪಿವಿಸಿ ಪೈಪಿನಲ್ಲಿ ಹೀಗಾಗುವುದು ಸುಮಾರು ಶೇ. 30 ಚಪ್ಪಟೆಯಾದಾಗ. ಮೇಲೆ ವಾಹನ ಬಿಡಬೇಡಿ.

ತಳದಲ್ಲಿ ಅಥವಾ ಪಕ್ಕದಲ್ಲಿ ಒಂದೇ ಚುಕ್ಕೆಯಷ್ಟು ಜಾಗ ಒಳಗೆ ಉಬ್ಬಿದ್ದರೆ ಹೊರಗಡೆ ಕಲ್ಲು ಒತ್ತುತ್ತಿದೆ. ಉಕ್ಕಿನ ಪೈಪಾದರೆ ತಳದ ತುಕ್ಕನ್ನೂ ನೋಡಿ. ಆಕಾರ ಸರಿಯಿದ್ದು ತಳ ತಿಂದುಹೋದ ಪೈಪ್ ಎಚ್ಚರಿಕೆಯಿಲ್ಲದೆ ಕುಸಿಯಬಹುದು.

ಅಳತೆ ಹೀಗೆ. ಮೂಲ ಒಳವ್ಯಾಸದಿಂದ ಈಗಿನ ಎತ್ತರ ಕಳೆಯಿರಿ, ಮೂಲ ವ್ಯಾಸದಿಂದ ಭಾಗಿಸಿ, 100ರಿಂದ ಗುಣಿಸಿ. 300 ಮಿ.ಮೀ. ಪೈಪ್ ಈಗ 279 ಮಿ.ಮೀ. ಎತ್ತರ ಇದ್ದರೆ ಶೇ. 7 ಚಪ್ಪಟೆ. ಶೇ. 5ರ ಒಳಗಿದ್ದರೆ ಬಿಟ್ಟುಬಿಡಿ, ಅದು ಬಾಗುವ ಪೈಪಿನ ಸಹಜ ಕೆಲಸ. ಪಿವಿಸಿ ಚರಂಡಿ ಪೈಪಿಗೆ ಸಾಮಾನ್ಯವಾಗಿ ಒಪ್ಪುವ ಕೊನೆಯ ಮಿತಿ ಶೇ. 7.5. ಶೇ. 30ರಲ್ಲಿ ಸೋಲುವ ಪೈಪಿಗೆ ನಾಲ್ಕು ಪಟ್ಟು ಭದ್ರತೆ ಇಟ್ಟು ಬಂದ ಸಂಖ್ಯೆ ಅದು. ಶೇ. 5ಕ್ಕೂ 7.5ಕ್ಕೂ ನಡುವೆ ಇದ್ದರೆ ನನ್ನ ಸಲಹೆ: ಅಗೆಯಬೇಡಿ. ಜಾಯಿಂಟ್ ಸೋರುತ್ತಿದೆಯೇ ನೋಡಿ, ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಬದಲಾಗದಿದ್ದರೆ ಮಣ್ಣು ತನ್ನ ಹಿಡಿತ ಕಂಡುಕೊಂಡಿದೆ. ನಿಂತ ಮಣ್ಣನ್ನು ಕೆದಕಿದರೆ ಕೆಡುವುದೇ ಜಾಸ್ತಿ.

## ಲಕ್ಷಣ: ಚೇಂಬರಿನಲ್ಲಿ ಮರಳು, ಮಣ್ಣು ಬರುತ್ತಿದೆ

ಚೇಂಬರಿನಲ್ಲಿ ಕೂತ ಮಣ್ಣನ್ನು ಉದ್ದ ಹಿಡಿಯ ಸಲಿಕೆಯಲ್ಲಿ ಎತ್ತಿ ನೋಡಿ. ರಸ್ತೆಯ ಧೂಳು, ಎಲೆ, ಪ್ಲಾಸ್ಟಿಕ್ ಇದ್ದರೆ ಮೇಲಿನಿಂದ ಬಂದ ಕಸ. ಶುದ್ಧ ಮರಳು ಅಥವಾ ಪೈಪ್ ಸುತ್ತ ಹಾಕಿದ್ದಂಥದ್ದೇ ಮಣ್ಣು ಇದ್ದರೆ ಜಾಯಿಂಟ್ ಮೂಲಕ ಒಳಗೆ ಬರುತ್ತಿದೆ. ಪೂರ್ತಿ ತೆಗೆದು ಚೊಕ್ಕ ಮಾಡಿ. ಮಳೆಯಿಲ್ಲದ ಒಂದು ವಾರ ಬಿಟ್ಟು ನೋಡಿ. ಮತ್ತೆ ಕೂತಿದ್ದರೆ ಅಂತರ್ಜಲ ಪೈಪಿನ ಮಟ್ಟಕ್ಕಿಂತ ಮೇಲಿದೆ, ನೀರು ಮಣ್ಣನ್ನು ಹೊತ್ತು ತರುತ್ತಿದೆ.

ಪ್ರತಿ ಲಾರಿ ದಾಟಿದಾಗಲೂ ಸಡಿಲ ಜಾಯಿಂಟ್ ಒಂದಿಷ್ಟು ಅಲುಗುತ್ತದೆ. ಬಾಯಿ ತೆರೆದು ಮುಚ್ಚುತ್ತದೆ. ಒಂದು ಚಿಟಿಕೆ ಮಣ್ಣು ಒಳಗೆ. ಆ ಚಿಟಿಕೆಯಷ್ಟೇ ಪಕ್ಕದ ಆಸರೆ ಕಡಿಮೆ. ಆಸರೆ ಕಡಿಮೆಯಾದಷ್ಟೂ ಅಲುಗಾಟ ಜಾಸ್ತಿ. ಹೀಗಾಗಿ ಮಣ್ಣು ಬರುವುದು ಮತ್ತು ರಸ್ತೆಯಲ್ಲಿ ಬಟ್ಟಲು ತಗ್ಗು, ಎರಡೂ ಒಟ್ಟಿಗೆ ಕಂಡರೆ ಕಾಯಬೇಡಿ.

ಸುತ್ತ ಬರೀ ದಪ್ಪ ಜಲ್ಲಿ ಹಾಕಿದ ಪೈಪಿಗೆ ಇನ್ನೊಂದು ತೊಂದರೆ ಇದೆ. ಪೈಪಿನಲ್ಲಿ ಮಣ್ಣು ಬರುವುದಿಲ್ಲ, ಆದರೂ ರಸ್ತೆ ಇಳಿಯುತ್ತದೆ. ಅಕ್ಕಪಕ್ಕದ ಸಣ್ಣ ಮಣ್ಣು ನೀರಿನ ಜೊತೆ ಜಲ್ಲಿಯ ಸಂದಿಗೆ ಸೇರಿಕೊಂಡಿರುತ್ತದೆ. ಸರಿಪಡಿಸುವಾಗ ಜಲ್ಲಿಗೂ ಮಣ್ಣಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಬೇಕು.

## ಲಕ್ಷಣ: ವಾಹನ ದಾಟಿದಾಗ ನೆಲ ಅದುರುತ್ತದೆ, ಡಾಂಬರಿನಲ್ಲಿ ಜೋಡಿ ಬಿರುಕು

ಟ್ರೆಂಚಿನ ಎರಡು ಅಂಚಿಗೆ ಸರಿಯಾಗಿ ಎರಡು ಉದ್ದ ಬಿರುಕು ಬಂದರೆ ನಡುವಿನ ಮಣ್ಣು ಪ್ರತಿ ಚಕ್ರಕ್ಕೂ ಇಳಿದು ಏಳುತ್ತಿದೆ. ಪೈಪಿನ ಮೇಲೆ ಎಷ್ಟು ಮಣ್ಣಿದೆ ಅಂತ ಮೊದಲು ತಿಳಿದುಕೊಳ್ಳಿ. ಇದಕ್ಕೆ ಅಗೆಯಬೇಕಿಲ್ಲ. ಚೇಂಬರಿನ ಮುಚ್ಚಳ ತೆಗೆದು, ಮೇಲೆ ಅಡ್ಡ ಪಟ್ಟಿ ಇಟ್ಟು, ಅಲ್ಲಿಂದ ಪೈಪಿನ ನೆತ್ತಿಯವರೆಗೆ ಅಳತೆ ಕೋಲು ಇಳಿಸಿ. ಎರಡೂ ಚೇಂಬರಿನಲ್ಲಿ ಅಳೆದರೆ ನಡುವಿನ ಆಳ ಅಂದಾಜಾಗುತ್ತದೆ.

ನೆತ್ತಿಯ ಮೇಲೆ 30 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಭಾರದ ವಾಹನ ಬಿಡಬೇಡಿ. 30ರಿಂದ 90 ಸೆಂ.ಮೀ. ನಡುವೆ ಇದ್ದರೆ ಪಕ್ಕದ ಮಣ್ಣು ಎಷ್ಟು ಗಟ್ಟಿ ಎನ್ನುವುದರ ಮೇಲೇ ಎಲ್ಲ ನಿಂತಿದೆ. ಪೈಪ್ ತಯಾರಕರ ಕೈಪಿಡಿಯಲ್ಲಿ ನಿಮ್ಮ ಪೈಪಿನ ಗಾತ್ರಕ್ಕೆ ಎಷ್ಟು ಬೇಕು ಅಂತ ಇರುತ್ತದೆ, ಅದನ್ನೇ ಹಿಡಿಯಿರಿ. ರಸ್ತೆ ಉಬ್ಬು-ತಗ್ಗು ಇದ್ದರೆ ಚಕ್ರ ಜಿಗಿದು ಬೀಳುವ ಏಟು ಬೇರೆ. ಮೇಲ್ಮಟ್ಟದ ಪೈಪಿಗೆ ಅದು ಮೂರನೇ ಒಂದು ಪಾಲು ಭಾರ ಕೂಡಿಸಬಹುದು. ಹಾಗಾಗಿ ಕೆಲವೊಮ್ಮೆ ರಸ್ತೆಯ ಮೇಲ್ಮೈ ಸಮ ಮಾಡಿಸುವುದೇ ಅಗ್ಗದ ಮದ್ದು. ಕೆಳಗೆ ಪೊಳ್ಳಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ.

ಆಳ ಹೆಚ್ಚಿಸಲು ಆಗದಿದ್ದರೆ ಮೇಲೆ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಚಪ್ಪಡಿ ಹಾಕಿಸಬಹುದು. ಚಪ್ಪಡಿಯ ಎರಡೂ ಅಂಚು ಟ್ರೆಂಚ್ ದಾಟಿ, ಎಂದೂ ಅಗೆಯದ ಗಟ್ಟಿ ನೆಲದ ಮೇಲೆ ಕೂರಬೇಕು. ಪೈಪಿಗೆ ತಾಗಬಾರದು. ಇದರ ಲೆಕ್ಕ ಎಂಜಿನಿಯರ್ ಮಾಡಲಿ. ಪೈಪಿನ ಸುತ್ತ ಒಂದು ತುಂಡಿಗೆ ಮಾತ್ರ ಕಾಂಕ್ರೀಟ್ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಬಾಗುವ ಪೈಪ್ ಅಲ್ಲಿ ಬಾಗದಂತಾಗಿ, ಕಾಂಕ್ರೀಟ್ ಮುಗಿಯುವ ಅಂಚಿನಲ್ಲೇ ತುಂಡಾಗುತ್ತದೆ.

ಮಳೆ ಜಾಸ್ತಿಯಾದಾಗ ರಸ್ತೆ ತಗ್ಗಾಗುವ ಬದಲು ಉಬ್ಬಿದರೆ ಪೈಪ್ ತೇಲಿದೆ. 300 ಮಿ.ಮೀ. ಖಾಲಿ ಪೈಪನ್ನು ನೀರು ಮೀಟರಿಗೆ ಸುಮಾರು 70 ಕೆ.ಜಿ. ಬಲದಿಂದ ಮೇಲೆತ್ತುತ್ತದೆ. ಮೇಲೆ ಮಣ್ಣು ಕಡಿಮೆ ಇದ್ದರೆ ತಡೆಯುವುದಿಲ್ಲ.

## ಲಕ್ಷಣ: ಚೇಂಬರ್ ಗೋಡೆಯ ಹತ್ತಿರವೇ ಒಡೆಯುತ್ತದೆ

ಚೇಂಬರ್ ಗಟ್ಟಿ, ಅಲುಗುವುದಿಲ್ಲ. ಪೈಪ್ ಮಣ್ಣಿನ ಜೊತೆ ಇಳಿಯುತ್ತದೆ. ಎರಡೂ ಸೇರುವ ಕಡೆ ಪೈಪ್ ಮುರಿಯುತ್ತದೆ. ಗೋಡೆಗೆ ಸಿಮೆಂಟ್ ಮೆತ್ತಿ ಬಿಗಿದಿದ್ದರೆ ಇನ್ನೂ ಬೇಗ. ಗೋಡೆಯಲ್ಲಿ ರಬ್ಬರ್ ರಿಂಗಿನ ಜಾಯಿಂಟ್ ಇಟ್ಟು, ಹೊರಗೆ ಒಂದು ಗಿಡ್ಡ ತುಂಡು ಪೈಪ್ ಹಾಕಿ ಮುಂದುವರಿಸಿದರೆ ತೊಂದರೆ ತೀರುತ್ತದೆ.

## ಲಕ್ಷಣ: ನೀರು ಸರಬರಾಜಿನ ಪೈಪ್ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೋರುತ್ತದೆ

ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ. ತಿರುಗುತ್ತಿದ್ದರೆ ಸೋರಿಕೆ ಖಚಿತ. ಮಳೆಯಿಲ್ಲದ ದಿನಗಳಲ್ಲೂ ರಸ್ತೆಯ ಒಂದು ಕಡೆ ಒದ್ದೆ, ಅಥವಾ ಅಲ್ಲಿ ಮಾತ್ರ ಹುಲ್ಲು ಹಸಿರು ಇದ್ದರೆ ಜಾಗದ ಸುಳಿವು ಸಿಕ್ಕಿತು. ಆದರೆ ನೀರು ಟ್ರೆಂಚಿನುದ್ದಕ್ಕೂ ಹರಿದು ದೂರದಲ್ಲಿ ಮೇಲೆ ಬರಬಹುದು.

ಒಂದೇ ಜಾಗದಲ್ಲಿ ಎರಡನೇ ಸಲ ಒಡೆದರೆ ಬರೀ ತೇಪೆ ಹಾಕಬೇಡಿ. ತುಂಡನ್ನು ತೆಗೆದು ಒಡೆದ ಜಾಗ ನೋಡಿ. ತಳದಲ್ಲಿ ಒಂದು ಚುಕ್ಕೆಯಿಂದ ಬಿರುಕು ಹೊರಟಿದ್ದರೆ ಕೆಳಗೆ ಕಲ್ಲಿದೆ. ಪೈಪಿನ ಸುತ್ತ ಉಂಗುರದ ಹಾಗೆ ತುಂಡಾಗಿದ್ದರೆ ಪೈಪ್ ತೊಲೆಯ ಹಾಗೆ ಬಾಗಿದೆ, ಒಂದು ಕಡೆ ನೆಲ ಇಳಿದಿದೆ. ಉದ್ದಕ್ಕೆ ಸೀಳಿದ್ದರೆ ಒಳಗಿನ ಒತ್ತಡವನ್ನು, ವಾಲ್ವ್ ಥಟ್ಟನೆ ಮುಚ್ಚಿದಾಗ ಬರುವ ಏಟನ್ನು ಅನುಮಾನಿಸಿ. ಅಗೆಯುವ ಮೊದಲು ವಾಲ್ವ್ ಮುಚ್ಚಿ ಒತ್ತಡ ಇಳಿಸಿ. ಒತ್ತಡದಲ್ಲಿರುವ ಪೈಪಿನ ಸುತ್ತಲಿನ ಮಣ್ಣು ತೆಗೆದರೆ ಜಾಯಿಂಟ್ ಕಳಚಿ ಹಾರಬಹುದು.

## ಅಗೆಯಲೇಬೇಕಾದಾಗ

ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಎದೆಮಟ್ಟದ ಟ್ರೆಂಚ್ ಕುಸಿದರೂ ಮನುಷ್ಯ ಉಸಿರಾಡಲಾರ. 1.2 ಮೀಟರಿಗಿಂತ ಆಳ ಇದ್ದರೆ, ನೆಲ ಒದ್ದೆ ಇದ್ದರೆ, ಪಕ್ಕದಲ್ಲೇ ವಾಹನ ಓಡುತ್ತಿದ್ದರೆ ಗೋಡೆಗಳಿಗೆ ಆನಿಕೆ ಕೊಡದೆ ಯಾರೂ ಇಳಿಯಬಾರದು. ಇದು ಅನುಭವ ಇರುವ ತಂಡದ ಕೆಲಸ. ತೆಗೆದ ಮಣ್ಣನ್ನು ಅಂಚಿನಿಂದ ದೂರ ಹಾಕಿ.

ಪಕ್ಕದ ಮಣ್ಣು ತೆಗೆದ ಬಾಗುವ ಪೈಪಿಗೆ ಆಸರೆಯೇ ಇರುವುದಿಲ್ಲ ಅನ್ನುವುದು ನೆನಪಿರಲಿ. ತೆರೆದ ಭಾಗದ ಹತ್ತಿರ ಯಂತ್ರ ತರಬೇಡಿ. ಹತ್ತಿರದಲ್ಲಿ ಬೇರೆ ಯಾವುದಕ್ಕೋ ಅಗೆಯುವವರೂ ಈ ತಪ್ಪು ಮಾಡುತ್ತಾರೆ. ವರ್ಷಗಟ್ಟಲೆ ಚೆನ್ನಾಗಿದ್ದ ಪೈಪ್ ಆ ವಾರ ಚಪ್ಪಟೆಯಾಗುತ್ತದೆ.

ಪೈಪ್ ಕಂಡ ಮೇಲೆ ತಳದ ಸಂದಿಗೆ ಕೈಬೆರಳು ಅಥವಾ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಹೋದರೆ ನೀವು ಹುಡುಕುತ್ತಿದ್ದ ದೋಷ ಅಲ್ಲಿದೆ. ಭಾರ ಇಳಿದಾಗ ಪೈಪ್ ದುಂಡಗೆ ಮರಳಿದರೆ, ಬಿರುಕಾಗಲಿ ಮಡಚಿದ ಕಡೆ ಬಿಳಿಚಿದ ಗೆರೆಯಾಗಲಿ ಇಲ್ಲದಿದ್ದರೆ, ಅದೇ ಪೈಪ್ ಉಳಿಸಿಕೊಳ್ಳಿ. ಗೆರೆ ಇದ್ದರೆ ಆ ತುಂಡು ಬದಲಿಸಿ.

ಮುಚ್ಚುವಾಗ ತೆಗೆದ ಜೇಡಿಮಣ್ಣು ಬೇಡ. ಸಡಿಲವಾಗಿ ಸುರಿದ ಜೇಡಿಮಣ್ಣಿಗಿಂತ ಸುಮ್ಮನೆ ಸುರಿದ ಒಡೆದ ಜಲ್ಲಿಯೇ 20 ಪಟ್ಟು ಬಿಗಿ ಅಂತ ಎಂಜಿನಿಯರುಗಳು ಬಳಸುವ ಕೋಷ್ಟಕ ಹೇಳುತ್ತದೆ. ಪೈಪಿನ ಪಕ್ಕ 20 ಮಿ.ಮೀ.ಗಿಂತ ದಪ್ಪ ಕಲ್ಲು ಬೇಡ. ತಳದ ಸಂದಿಗೆ ಸಲಿಕೆಯ ಅಂಚಿನಿಂದ ತಿವಿದು ತಿವಿದು ತುಂಬಿ. ಈ ಕೆಲಸವನ್ನು ಯಂತ್ರ ಮಾಡಲಾರದು, ಅವಸರ ಇರುವವರೂ ಮಾಡಲಾರರು. ಆಮೇಲೆ ಎರಡೂ ಪಕ್ಕ ಸಮವಾಗಿ 15 ಸೆಂ.ಮೀ. ಪದರ ಹಾಕಿ ದಿಮ್ಮಸು ಹೊಡೆಯುತ್ತಾ ಬನ್ನಿ. ಒಂದೇ ಪಕ್ಕ ತುಂಬಿದರೆ ಪೈಪ್ ಸರಿಯುತ್ತದೆ. ನೆತ್ತಿಯ ಮೇಲೆ 30 ಸೆಂ.ಮೀ. ಆಗುವವರೆಗೆ ನೇರ ಮೇಲೆ ಯಂತ್ರದ ದಿಮ್ಮಸು ಬೇಡ. 90 ಸೆಂ.ಮೀ. ಆಗುವವರೆಗೆ ಭಾರದ ಯಂತ್ರ ದಾಟಿಸಬೇಡಿ. ಅಷ್ಟು ಆಳವೇ ಸಿಗದ ಕಡೆ ಭಾರದ ಯಂತ್ರವನ್ನು ಪೈಪಿನ ಮೇಲೆ ತರಲೇಬೇಡಿ.

ಡಾಂಬರು ಹಾಕಿಸುವ ಅವಸರ ಬೇಡ. ತಾತ್ಕಾಲಿಕ ಮೇಲ್ಮೈ ಹಾಕಿ ವಾಹನ ಬಿಡಿ. 30 ದಿನ ಆದ ಮೇಲೆ ಗುಂಡು ಎಳೆದು ನೋಡಿ, ಮೊದಲ ದಿನ ಹಾಕಿದ್ದ ಅದೇ ಎರಡು ಗುರುತಿನ ನಡುವೆ ದಾರ ಬಿಗಿದು ಅಳೆಯಿರಿ. ಎರಡೂ ಸರಿಯಿದ್ದರೆ ಡಾಂಬರು ಹಾಕಿಸಿ.